ಮಣಿಕಟ್ಟಿನ ಸಂಖ್ಯೆ

ರಕ್ತದ ಕಾಯಿಲೆಯ ಕಸ್ತೂರೆವ್ವಳಿಗೆ ತಂಗಿಯ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಕಣಗಳನ್ನು, ಕಸಿ ಮಾಡಿ ಎಪ್ಪತ್ತು ದಿನಗಳಾಗಿದ್ದವು. ಅಂಥ ರೋಗಿಗಳ ಮಣಿಕಟ್ಟಿನ ಚರ್ಮದ ಮೇಲೆ ಈಗ ಒಂದು ಸಂಖ್ಯೆ ಮೂಡುತ್ತದೆ. ಹೊಸ ರಕ್ತದಲ್ಲಿ ಒಂದು ಬಗೆಯ ವೈರಸ್ಸಿನೊಡನೆ ಸೆಣಸುವ ಕಣಗಳು ಎಷ್ಟಿವೆಯೆಂದು ಅದು ಗಳಿಗೆಗೊಮ್ಮೆ ಹೇಳುತ್ತದೆ. ಇನ್ನೂರು ದಾಟಿದರೆ ಮನೆಯಿಂದ ಹೊರಗೆ ಕಾಲಿಡಬಹುದು.

ಗಂಡ ವಿರುಪಣ್ಣ ಹುಬ್ಬಳ್ಳಿಯಲ್ಲಿ ದರ್ಜಿ, ಮನೆಯಲ್ಲೇ ಹೊಲಿಯುತ್ತಿದ್ದ. ಒಂದು ಗುಂಡಿ ಹಚ್ಚಿ ಎದ್ದು ಬರುತ್ತಿದ್ದ, ಹೆಂಡತಿಯ ಕೈ ತಿರುಗಿಸಿ ನೋಡುತ್ತಿದ್ದ, ಮತ್ತೆ ಹೊಲಿಗೆಗೆ ಕೂರುತ್ತಿದ್ದ. ಸಂಖ್ಯೆ ಇಳಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಇನ್ನೂರ ಮೂರು ಬಂತು.

"ದಾಟ್ತು, ಕಸ್ತೂರಿ! ದಾಟ್ತು!" ಎಂದು ಕೂಗಿದ.

ಅವಳು ಕೈ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದಳು. "ಎಪ್ಪತ್ತು ದಿನಾ ಬರೇ ಕೈ ನೋಡೀರಿ. ನನಗೊಂದು ಮಾರಿ ಐತಿ, ಅದನ್ನೂ ಒಮ್ಮೆ ನೋಡ್ರಿ."

ಅವನು ಅವಳ ಮುಖ ನೋಡಿದ. ಎಡಗಣ್ಣಿನ ಸುತ್ತ ಸಣ್ಣ ನೀರುಗುಳ್ಳೆಗಳು ಎದ್ದಿದ್ದವು.

"ಇದು ಯಾವಾಗಿಂದ?"

"ನಿನ್ನೆಯಿಂದ. ಉರೀತೈತಿ. ನಂಬರ್ ಏರಾಕತ್ತಿತ್ತು, ನೀವು ಖುಷಿಲೆ ಇದ್ರಿ. ಹೆಂಗ ಹೇಳಲಿ?"

ಅವನು ಆಟೋ ಹಿಡಿದು ಅವಳನ್ನು ಆಸ್ಪತ್ರೆಗೆ ಒಯ್ದ.

"ಕೈಮ್ಯಾಲಿನ ನಂಬರ್ ಬ್ಯಾರೆ ವೈರಸ್ಸಿಂದು. ಇದು ಸರ್ಪಸುತ್ತು. ನಾಳೆ ಬಂದಿದ್ರ ಕಣ್ಣು ಹೋಗ್ತಿತ್ತು" ಎಂದು ಡಾಕ್ಟರು ಅವಸರದಲ್ಲಿ ಔಷಧಿಯ ಬಾಟಲಿ ಏರಿಸಿದರು.

ಕಣ್ಣು ಉಳಿಯಿತು. ಎಂಟನೆಯ ದಿನ ಕಣ್ಣಿನ ಕಟ್ಟು ಬಿಚ್ಚಿದಾಗ ಎದುರಿಗೆ ವಿರುಪಣ್ಣ ನಿಂತಿದ್ದ. ಅವನ ಕೆನ್ನೆಗಳು ಒಳಗೆ ಹೋಗಿದ್ದವು, ಗಡ್ಡ ಬೆಳ್ಳಗಾಗಿತ್ತು. ಅವಳೂ ಅವನನ್ನು ಎಷ್ಟೋ ದಿನದಿಂದ ಸರಿಯಾಗಿ ನೋಡಿರಲಿಲ್ಲ.

"ಊಟಾ ಮಾಡೀರೇನು?" ಎಂದಳು.