ಬ್ಯಾಟರಿ ಕಾಯುವ ಅಕ್ಕ

ಸೂರ್ಯ ಮುಳುಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸಿಂದಗಿಯ ಆ ಓಣಿಯಲ್ಲಿ ಈಗ ಪ್ರತಿ ಮನೆಯಲ್ಲೂ ಒಬ್ಬರು ಬ್ಯಾಟರಿಯ ಪಕ್ಕ ಎಚ್ಚರವಿದ್ದು ಕೂರಬೇಕಿತ್ತು. ಬ್ಯಾಟರಿ ತುಂಬಿದ ಕೂಡಲೇ ಚಾರ್ಜು ನಿಲ್ಲಿಸುವ ಕಂಟ್ರೋಲರುಗಳು ಬಿಡುವಿಲ್ಲದ ಬಿಸಿಲಿಗೆ ಒಂದೊಂದಾಗಿ ಸುಟ್ಟುಹೋಗಿದ್ದವು.

ನೀಲವ್ವನ ಮನೆಯ ಕಂಟ್ರೋಲರೂ ಸುಟ್ಟುಹೋಯಿತು. ಅವಳ ತಂಗಿ ಕಸ್ತೂರಿ ಉಸಿರಾಡುತ್ತಿದ್ದುದು ಆಕ್ಸಿಜನ್ ಮಷಿನ್ನಿನಿಂದ. ಸೋಲಾರ್ ತಂತಿ ಹಾಕಿಯೇ ಬಿಟ್ಟರೆ ಬ್ಯಾಟರಿ ಉಬ್ಬಿ ಸಿಡಿಯುತ್ತಿತ್ತು. ತೆಗೆದೇ ಬಿಟ್ಟರೆ ಬೇಗ ಖಾಲಿಯಾಗಿ ಮಷಿನ್ ನಿಲ್ಲುತ್ತಿತ್ತು. ನೀಲವ್ವ ನಿದ್ದೆಗೆಟ್ಟು ತಂತಿ ಹಾಕುತ್ತ, ತೆಗೆಯುತ್ತ ಕೂತಳು.

ಪಕ್ಕದ ಮನೆಯ ರಿಪೇರಿ ಮಲ್ಕಪ್ಪ ಬಂದು ಕಂಟ್ರೋಲರ್ ಬಿಚ್ಚಿ ನೋಡಿದ.

"ಹೊಸಾದು ಎಲ್ಲೂ ಸಿಗಂಗಿಲ್ಲವ್ವಾ. ನಮ್ಮನ್ಯಾಗ ಹೇಣ್ತಿ ಒಬ್ಬಾಕೇ ಬ್ಯಾಟರಿ ಕಾಯ್ಕೋತ ಕುಂತಾಳ, ಬರ್ತೀನಿ," ಎಂದು ಓಡಿದ.

ಕಡೆಗೊಮ್ಮೆ ನೀಲವ್ವನಿಗೆ ಕಣ್ಣು ಹತ್ತಿತು. ಸುಟ್ಟ ವಾಸನೆಗೆ ಎಚ್ಚರಾಗಿ ತಂತಿ ಕಿತ್ತಾಗ ಬ್ಯಾಟರಿಯ ಮಗ್ಗುಲು ಉಬ್ಬಿತ್ತು. ಕಸ್ತೂರಿ ಅವಳನ್ನೇ ನೋಡುತ್ತ ಮಲಗಿದ್ದಳು.

"ನನ್ನ ಎಬ್ಬಸಬಾರದಿತ್ತೇನ ನೀ?" ಎಂದಳು ನೀಲವ್ವ.

"ನಿನಗ ಚಲೋ ನಿದ್ದಿ ಹತ್ತಿತ್ತಕ್ಕಾ, ಮನಸ್ಸಾಗ್ಲಿಲ್ಲ. ಇನ್ನ ಆ ತಂತಿ ಹಾಕಬ್ಯಾಡ. ಬಾ, ನನ್ನ ಮಗ್ಗಲದಾಗ ಮಕ್ಕೊ."

ನೀಲವ್ವ ಬೈದಳು, ಅತ್ತಳು, ತಂತಿಯನ್ನು ಮತ್ತೆ ಸಿಕ್ಕಿಸಿದಳು. ಬ್ಯಾಟರಿ ಕೈ ಇಡಲಾಗದಷ್ಟು ಕಾದಿತು. ಕೊನೆಗೆ ತಂತಿ ತೆಗೆದು, ಬಿಸಿಲು ಬರದಂತೆ ಕಿಟಕಿ ಮುಚ್ಚಿ, ತಂಗಿಯನ್ನು ತಬ್ಬಿಕೊಂಡು ಮಲಗಿದಳು. ಕಸ್ತೂರಿ ಅವಳ ತಲೆ ನೇವರಿಸುತ್ತಿದ್ದಳು.

ಮಷಿನ್ನಿನ ಸದ್ದು ಸಣ್ಣದಾಗುತ್ತ ಹೋಯಿತು. ಅದು ನಿಂತಾಗ ನೀಲವ್ವ ಗಾಢ ನಿದ್ದೆಯಲ್ಲಿದ್ದಳು.