ಪಂಕಜಾಕ್ಷಮ್ಮ ಬಿಡದ ಗುಂಡಿ

ಊರಿನ ಅರ್ಧ ಜನಕ್ಕೆ ಫೋನ್ ಜೋಡಿಸಿಕೊಟ್ಟ ಕೈ ಅದು... ಈಗ ಆ ಕೈಯಲ್ಲೊಂದು ಪುಟ್ಟ ವೈರ್‌ಲೆಸ್ ಸೆಟ್.

ತುಮಕೂರಿನ ಪಂಕಜಾಕ್ಷಮ್ಮ ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಮೂವತ್ತು ವರ್ಷ ಅವರಿವರನ್ನು ಮಾತಾಡಿಸಿದ್ದೇ ಅವರ ಕೆಲಸ.

ರಿಟೈರ್ ಆದರು... ಯಜಮಾನರು ತೀರಿಕೊಂಡರು... ಮಕ್ಕಳಿರಲಿಲ್ಲ. ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಕುಕ್ಕರ್ ಒಂದೇ!

ಒಂದು ದಿನ ಪೇಪರಿನಲ್ಲಿ ಹ್ಯಾಮ್ ರೇಡಿಯೋ ಬಗ್ಗೆ ಓದಿದರು. ಪರೀಕ್ಷೆ ಪಾಸಾದರೆ ಸರ್ಕಾರದ ಲೈಸೆನ್ಸ್ ಸಿಗುತ್ತದೆ... ಆಮೇಲೆ ಮನೆಯಲ್ಲಿ ಕೂತೇ ಊರವರ ಜೊತೆ ಮಾತಾಡಬಹುದು.

ಎಪ್ಪತ್ತನೇ ವಯಸ್ಸಿನಲ್ಲಿ ಪುಸ್ತಕ ಬಾಯಿಪಾಠ ಮಾಡಿ ಪಾಸೂ ಆದರು!

ಆದರೆ ಸೆಟ್ ಹೇಗೆ ಬಳಸಬೇಕೆಂದು ಪಕ್ಕದಲ್ಲಿ ಕೂತು ತೋರಿಸಿದವರು ಯಾರೂ ಇಲ್ಲ. ಪುಸ್ತಕ ಓದಿ ಈಜಲು ಬಾವಿಗಿಳಿದ ಹಾಗಾಯಿತು.

ದಿನಾ ಸಂಜೆ ಏಳಕ್ಕೆ ಸೆಟ್ ಆನ್ ಮಾಡುವರು. ಯಾರಾದರೂ ಮಾತಾಡುತ್ತಿದ್ದರೆ ಮಧ್ಯೆ ಬಾಯಿ ಹಾಕಬಾರದು, ಮೊದಲು ಕೇಳಬೇಕು ಅನ್ನುವುದು ನಿಯಮ. ಕೇಳುವರು... ಬರೀ ಮೌನ.

ಆಮೇಲೆ ಸೆಟ್ಟಿನ ಪಕ್ಕದ ಗುಂಡಿ ಒತ್ತಿ, ಲೈಸೆನ್ಸಿನ ಜೊತೆ ಸಿಕ್ಕ ಗುರುತು, ಅಂದರೆ ತಮ್ಮ ಕಾಲ್‌ಸೈನ್ ಹೇಳಿ, 'ಸಿಕ್ಯೂ' ಅಂತ ಕೇಳುತ್ತಿರುವವರನ್ನೆಲ್ಲ ಕರೆಯುವರು. "ಸಿಕ್ಯೂ, ಸಿಕ್ಯೂ... ನಾನು ಪಂಕಜಾಕ್ಷಿ, ತುಮಕೂರಿಂದ... ಯಾರಾದ್ರೂ ಇದೀರಾ?"

ಎರಡು ನಿಮಿಷ ಕಾಯುವರು... ಉತ್ತರವಿಲ್ಲ. ಆಫ್ ಮಾಡುವರು.

ಎರಡನೇ ದಿನವೂ ಅಷ್ಟೇ... ಹತ್ತನೇ ದಿನವೂ ಅಷ್ಟೇ...

ಹನ್ನೆರಡನೇ ದಿನ ಗೋಡೆಯ ಮೇಲಿದ್ದ ಯಜಮಾನರ ಫೋಟೋ ನೋಡಿ, "ನೋಡಿದ್ರಾ... ಇವತ್ತೂ ಯಾರೂ ಇಲ್ಲ. ನನ್ನ ಮಾತು ಯಾರಿಗ್ ಬೇಕು ಹೇಳಿ" ಅಂದರು.

ಊರು ತುಂಬಾ ಜನರಿದ್ದೂ ತನಗೆ ಒಬ್ಬರೂ ಇಲ್ಲ ಅನ್ನಿಸುತ್ತದಲ್ಲ... ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ.

ಇಪ್ಪತ್ತನೇ ದಿನ ನಿರ್ಧಾರ ಮಾಡಿಯೇಬಿಟ್ಟರು. ಇವತ್ತು ಉತ್ತರ ಬರದಿದ್ದರೆ ಸೆಟ್ ಅಟ್ಟಕ್ಕೆ!

ಕರೆದರು... ಕಾದರು... "ಸಾಕು ಬಿಡಿ, ನಾಳೆಯಿಂದ ಕರೆಯಲ್ಲ" ಎಂದು ಫೋಟೋಗೆ ಹೇಳಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ತೆರೆದರೆ ಬಿಳಿ ಗಡ್ಡದ ಹಿರಿಯರೊಬ್ಬರು, ಕೈಯಲ್ಲಿ ಹಳೇ ಟಿವಿಯದರಂಥ ಆಂಟೆನಾ. ಜೊತೆಗೆ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬರು. ಇಬ್ಬರಿಗೂ ಏದುಸಿರು.

"ಅಮ್ಮಾ, ನಾನು ನಜೀರ್ ಅಹ್ಮದ್, ಮಿಕ್ಸಿ ರಿಪೇರಿ ಅಂಗಡಿ ಇದೆ. ಇವ್ರು ಗಂಗಾಂಬಿಕೆ. ನಾವೂ ಹ್ಯಾಮ್‌ಗಳೇ. ಸೆಟ್‌ನಲ್ಲಿ ಕರೆಯೋರು ನೀವೇ ತಾನೆ?"

ಪಂಕಜಾಕ್ಷಮ್ಮ ಗಾಬರಿಯಾದರು. ಏನೋ ತಪ್ಪಾಗಿದೆ, ಲೈಸೆನ್ಸ್ ಹೋಯಿತು ಅಂದುಕೊಂಡರು.

"ತಪ್ಪಾಗಿದ್ರೆ ಕ್ಷಮ್ಸಿ ಸಾರ್... ಇನ್ಮೇಲೆ ಕರೆಯಲ್ಲ. ಹೆಂಗೂ ಯಾರೂ ಉತ್ತರ ಕೊಡ್ಲಿಲ್ಲ..."

"ಕೊಡ್ಲಿಲ್ವಾ?" ನಜೀರ್ ಸಾಹೇಬರು ಆಂಟೆನಾ ಕೆಳಗಿಟ್ಟರು. "ಇಪ್ಪತ್ತು ದಿನದಿಂದ ಏಳು ಜನ ಉತ್ತರ ಕೊಡ್ತಾನೇ ಇದೀವಮ್ಮ! ಏಳು ಗಂಟೆ ಆಯ್ತು ಅಂದ್ರೆ ನಿಮಗೆ ಜಾಗ ಬಿಟ್ಟು ಎಲ್ಲಾ ಸುಮ್ನೆ ಕಾಯ್ತೀವಿ. ಎಲ್ಲಿ, ಒಂದ್ಸಲ ಕರೆದು ತೋರ್ಸಿ..."

ಪಂಕಜಾಕ್ಷಮ್ಮ ಗುಂಡಿ ಒತ್ತಿದರು. ಕರೆದರು. ಕಾದರು... ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು.

"ಅಮ್ಮಾ... ಬೆರಳು ತೆಗೀರಿ."

"ತೆಗೆದ್ರೆ ಲೈನ್ ಕಟ್ ಆಗಲ್ವಾ?"

ಎಕ್ಸ್‌ಚೇಂಜಿನ ಅಭ್ಯಾಸ! ಅಲ್ಲಿ ಕೈ ತಪ್ಪಿ ವೈರ್ ಎಳೆದರೆ ಯಾರದೋ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಇಲ್ಲಿ ಎಲ್ಲಾ ಉಲ್ಟಾ... ಗುಂಡಿ ಒತ್ತಿರುವ ತನಕ ನಮ್ಮ ಮಾತು ಹೋಗುತ್ತದೆ, ಇನ್ನೊಬ್ಬರ ಮಾತು ಬರುವುದಿಲ್ಲ.

ಗಂಗಾಂಬಿಕೆ ಪಂಕಜಾಕ್ಷಮ್ಮನ ಇನ್ನೊಂದು ಕೈ ಹಿಡಿದುಕೊಂಡರು. "ನಿಮ್ಮ ಕುಕ್ಕರ್ ವಿಷಲ್ಲೂ ಕೇಳ್ಸೋದಮ್ಮ ನಮಗೆ. 'ನನ್ನ ಮಾತು ಯಾರಿಗ್ ಬೇಕು' ಅಂದ್ರಲ್ಲ... ಅವತ್ತು ನಂಗೆ ಊಟ ಸೇರ್ಲಿಲ್ಲ. ನಿಮ್ಮ ಕಾಲ್‌ಸೈನ್ ಹೊಸದು, ನಮ್ಮ ಲಿಸ್ಟಲ್ಲಿ ಅಡ್ರೆಸ್ ಇರ್ಲಿಲ್ಲ. ಅದಕ್ಕೇ ಆಂಟೆನಾ ಹಿಡ್ಕೊಂಡು, ಸಿಗ್ನಲ್ ಜಾಸ್ತಿ ಬಂದ ಕಡೆ ಬೀದಿ ಬೀದಿ ಹುಡುಕಿದ್ವಿ. ದಿನಕ್ಕೆ ಎರಡೇ ನಿಮಿಷ ಅಲ್ವಾ ನೀವು ಸಿಗೋದು!"

ಪಂಕಜಾಕ್ಷಮ್ಮ ಮೆಲ್ಲಗೆ ಬೆರಳೆತ್ತಿದರು.

"...ನಮಸ್ಕಾರ ಪಂಕಜಾಕ್ಷಮ್ಮ, ಗುಬ್ಬಿಯಿಂದ!"

"...ಕ್ಯಾತ್ಸಂದ್ರದಿಂದ ನಾನು, ಕೇಳಿಸ್ತಿದೆಯಾ?"

ಒಂದಾದ ಮೇಲೊಂದು ಐದು ದನಿಗಳು... ಕೊನೆಯ ದನಿ ಕೇಳಿತು, "ಊಟ ಆಯ್ತಾ ಅಮ್ಮ?"

ಈ ಮಾತನ್ನು ಯಾರಾದರೂ ಕೇಳಿ ನಾಲ್ಕು ವರ್ಷವಾಗಿತ್ತು. ಅವರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಆಮೇಲೆ ಗುಂಡಿ ಒತ್ತಿ, "ಇನ್ನೂ ಇಲ್ಲಪ್ಪ... ನಿಂದು?" ಅಂದರು.

ಈ ಸಲ ಬೆರಳು ತೆಗೆದರು.

ಈಗ ಪ್ರತಿ ಭಾನುವಾರ ನಜೀರ್ ಸಾಹೇಬರ ಅಂಗಡಿಯಲ್ಲಿ, ಹೊಸದಾಗಿ ಲೈಸೆನ್ಸ್ ಪಡೆದವರ ಪಕ್ಕದಲ್ಲಿ ಪಂಕಜಾಕ್ಷಮ್ಮ ಕೂರುತ್ತಾರೆ. ಮೊದಲ ಪಾಠ ಅವರದ್ದೇ... "ಹೇಳಿದ್ದಾಯ್ತಲ್ಲ, ಈಗ ಬೆರಳು ತೆಗಿ."

*ಪರೀಕ್ಷೆ ಲೈಸೆನ್ಸ್ ಕೊಡುತ್ತದೆ... ಕೈ ಹಿಡಿದು ಕಲಿಸುವವರು ಜನರನ್ನೇ ಕೊಡುತ್ತಾರೆ.*

ನಿಮ್ಮ ಸುತ್ತಲೂ ದಿನಾ ಎರಡೇ ನಿಮಿಷ ಕರೆದು ಸುಮ್ಮನಾಗುವವರೊಬ್ಬರು ಇರಬಹುದು... ಅವರ ಬಾಗಿಲು ಹುಡುಕಿಕೊಂಡು ಹೋಗಿದ್ದೀರಾ?