ಎರಡು ಹೆಂಚು

ಫಿನೈಲ್ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ, ಸಾಲುಮನೆಗಳ ಕೂಲಿ ಲೈನಿನ ಕಿಟಕಿಯಿಲ್ಲದ ಒಂದೇ ಕೋಣೆ ನಮ್ಮ ಮನೆಯಾಗಿತ್ತು. ಚಿಕ್ಕಮ್ಮನಿಗೆ ಕ್ಷಯ. ಮಾತ್ರೆ ಕೊಡಲು ಬಂದ ನರ್ಸಮ್ಮ ಕೂಲಿಯಾಳುಗಳ ಮೇಸ್ತ್ರಿಗೆ ಹೇಳಿದ್ದರು: "ಇವ್ಳಿಗೆ ಗಾಳಿ ಬೇಕು ಮಾರಾಯ್ರೆ. ಗೋಡೆಗೊಂದು ಕಿಟಕಿ ಇಡ್ಸಿ." ಸಾಹುಕಾರರು ಒಂದು ಡಬ್ಬ ಫಿನೈಲ್ ಕಳಿಸಿದರು.

ಮೇಸ್ತ್ರಿ ಅದನ್ನು ನೆಲಕ್ಕೆಲ್ಲ ಸುರಿದು, ಚಿಕ್ಕಮ್ಮನ ಕಂಬಳಿಯನ್ನು ಅಂಗಳದಲ್ಲಿ ಸುಟ್ಟ. ಕಂಬಳಿ ಕಪ್ಪಗಿತ್ತೆಂದು ಅಮ್ಮ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ಅದು ಕೆಂಪು. ಬೆಂಕಿಯ ಬಣ್ಣವಿರಬಹುದು. ಒಳಗೆ ಬಂದ ಮೇಸ್ತ್ರಿ ತಲೆಯೆತ್ತಿ ನೋಡಿದ. ಗಾಳಿಯಾಡಲೆಂದು ಅಮ್ಮ ಮಾಡಿನ ಎರಡು ಹೆಂಚು ಸರಿಸಿದ್ದಳು. ಚಿಕ್ಕಮ್ಮನ ಮುಖದ ಮೇಲೆ ಬಿಸಿಲು ಬಿದ್ದಿತ್ತು.

"ಒಬ್ರಿಗೆ ಬಿಟ್ರೆ ಲೈನಿಗೆ ಲೈನೇ ಹೆಂಚು ತೆಗೀತದೆ. ಸಾವ್ಕಾರ್ರಿಗೆ ನಾನೇನು ಹೇಳ್ಲಿ?"

"ಸಾವ್ಕಾರ್ರ ನಾಯಿಗೂಡಿಗೂ ಕಿಟಕಿ ಇದ್ಯಲ್ಲ ಮೇಸ್ತ್ರೇ," ಚಿಕ್ಕಮ್ಮ ಕೆಮ್ಮುತ್ತಲೇ ಅಂದಳು.

ಅವನು ನನ್ನನ್ನು ಹೆಗಲ ಮೇಲೆ ನಿಲ್ಲಿಸಿಕೊಂಡ. "ಮುಚ್ಚು ಮಗಾ, ನಿನ್ನ ಕೈಗೆ ಸಿಗ್ತದೆ." ಗದರಿಸಿದನೋ, ಬೆಲ್ಲ ಕೊಟ್ಟನೋ? ಗದರಿಸಿದನೆಂದು ಬರೆದರೆ ನನಗೆ ಅನುಕೂಲ. ಒಂದು ಹೆಂಚು ಮುಚ್ಚಿದೆ. ಇನ್ನೊಂದನ್ನೂ ಮುಚ್ಚಿದೆ. ಕೆಳಗೆ ಚಿಕ್ಕಮ್ಮನ ಮುಖ ಕಾಣದಾಯಿತು.